ಭೀಮೆಯ ಮೇಲೆ ಇನ್ನೊಂದು ಸುತ್ತು

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು, ಅಮೋಘಸಿದ್ದ. ಆಳಂದ, ಅಫಜಲಪುರ, ಜೇವರ್ಗಿ ರಸ್ತೆಗಳ ಒಂದೊಂದು ಗುಂಡಿಯೂ ನನಗೆ ಪರಿಚಯ. ಡೀಸೆಲ್ ಉಳಿಸಿದ್ದಕ್ಕೆ ಡಿಪೋದವರು ಎರಡು ಸಲ ಪದಕ ಕೊಟ್ಟಿದ್ದಾರೆ. ಇದನ್ನು ಜಂಬ ಎಂದರೆ ಅನ್ನಿ, ಇದ್ದದ್ದನ್ನು ಹೇಳುತ್ತಿದ್ದೇನೆ. ಅಂಥವನಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಮೂರು ವಾರದಿಂದ ನೀರು ಕುಡಿಸುತ್ತಿತ್ತು.

ಡಬ್ಬಿ ಎಂದರೆ ವಿಆರ್ ಹೆಡ್‌ಸೆಟ್. ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಕಣ್ಣಿಗೆ ಕಟ್ಟಿಕೊಂಡರೆ ವಿಮಾನದೊಳಗೇ ಕೂತ ಹಾಗೆ. ಎಡಕ್ಕೆ ಕತ್ತು ತಿರುಗಿಸಿದರೆ ರೆಕ್ಕೆ, ಬಗ್ಗಿ ನೋಡಿದರೆ ಸೊನ್ನದ ಬ್ಯಾರೇಜು, ಅದರ ಹಿಂದೆ ಭೀಮೆಯ ನೀರು. ನಿವೃತ್ತಿಯಾದ ಮೇಲೆ ಎರಡು ವರ್ಷ ಕಂಪ್ಯೂಟರಿನಲ್ಲಿ ಹೀಗೆ ವಿಮಾನ ಹಾರಿಸುವುದನ್ನೇ ಕಲಿತೆ. ಆಟ ಅನ್ನಬೇಡಿ. ನಮ್ಮದೊಂದು ಆನ್‌ಲೈನ್ ಬಳಗವಿದೆ. ಅಲ್ಲಿ ಪರೀಕ್ಷೆ ಪಾಸಾದವರಿಗೆ ಮಾತ್ರ ಕ್ಯಾಪ್ಟನ್ ಪಟ್ಟ, ಅವರಿಗೆ ಮಾತ್ರ ಪ್ರಯಾಣಿಕರ ವಿಮಾನ. ಎರಡು ಸಲ ಪರೀಕ್ಷೆಯ ನಡುವೆಯೇ ಹೆಡ್‌ಸೆಟ್ ಕಪ್ಪಾಗಿ ನಾನು ಫೇಲಾಗಿದ್ದೆ. ಇವತ್ತು ನಾಲ್ಕು ಗಂಟೆಗೆ ಮೂರನೆಯದು, ಕೊನೆಯದು.

ಆ ಪಟ್ಟ ನನಗೆ ಬೇಕೇ ಬೇಕಿತ್ತು. ನೌಕರಿಯ ಕೊನೆಯ ಎರಡು ವರ್ಷ ನನ್ನ ಕೈಯಿಂದ ಸ್ಟೀರಿಂಗ್ ಕಿತ್ತುಕೊಂಡಿದ್ದರು. ಎದೆಗೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ‘ಅನ್‌ಫಿಟ್’ ಎಂದು ಬರೆದರು. ಡಿಪೋದವರು ಟೈರುಗಳ ಗೋದಾಮಿನಲ್ಲಿ ಸ್ಟೂಲು ಹಾಕಿ ಕೂರಿಸಿದರು. ಜನರನ್ನು ಕರೆದೊಯ್ಯಲು ಈ ಮನುಷ್ಯ ಯೋಗ್ಯ ಎಂದು ಯಾರಾದರೂ ಇನ್ನೊಂದು ಸಲ ಹೇಳಲಿ ಎಂಬುದೇ ನನ್ನ ಆಸೆ.

ಬೆಳಿಗ್ಗೆಯಿಂದ ರಿಪೇರಿಗೆ ಕೂತಿದ್ದೆ. ಬಸ್ಸಿನದೇ ಕ್ರಮ: ಮೊದಲು ಬ್ಯಾಟರಿ, ಆಮೇಲೆ ವೈರು, ಆಮೇಲೆ ಉಳಿದದ್ದು. ಹಳೇ ಕೇಬಲ್ ಬರೀ ಚಾರ್ಜಿಗೆ ಲಾಯಕ್ಕೇನೋ ಎಂದು ಹೊಸದು ತರಿಸಿದ್ದೆ. ಕಂಪ್ಯೂಟರಿನ ಮುಂದಿನ ಯುಎಸ್‌ಬಿ ಕಿಂಡಿಯಿಂದ ಕಿತ್ತು ಹಿಂದಿನದಕ್ಕೆ ಚುಚ್ಚಿದೆ. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ. ಹತ್ತು ನಿಮಿಷ ಚೆನ್ನಾಗಿ ಹಾರುತ್ತಿದ್ದೆ, ಆಮೇಲೆ ಕತ್ತಲೆ. ಕೇಬಲ್ ಮಾಡಿದವನ ವಂಶವನ್ನೆಲ್ಲ ಬೈದೆ.

“ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ,” ಎಂದಳು ನನ್ನ ಹೆಂಡತಿ ಶಿವಕಾಂತಾ, ಚಹಾ ಇಡುತ್ತ. “ನಿಜಾಮಣ್ಣಗ ಫೋನ್ ಮಾಡೇನಿ. ಬರಾಕತ್ತಾರ.”

“ಯಾರು ಮಾಡಂದ್ರು ನಿನಗ?”

“ಯಾರೂ ಅನ್ನಲಿಲ್ಲ. ನಿಮ್ಮ ಬೈಗಳ ಕೇಳಿ ಸಾಕಾಗೇದ.”

ನಿಜಾಮುದ್ದೀನ ಇಪ್ಪತ್ತು ವರ್ಷ ನನ್ನ ಬಸ್ಸಿನ ಕಂಡಕ್ಟರ್. ಈಗ ಇಲ್ಲೇ ಜೇವರ್ಗಿಯಲ್ಲಿ ಮಗಳು ನೂರೀನಳ ಆನ್‌ಲೈನ್ ಸೆಂಟರಿನಲ್ಲಿ ಕೂತು ಜನರಿಗೆ ಪಹಣಿ ತೆಗೆದುಕೊಡುತ್ತಾನೆ. ನಾಲ್ಕು ವರ್ಷದಿಂದ ನಮಗೆ ಮಾತಿಲ್ಲ. ಅವತ್ತು ಅಫಜಲಪುರದಿಂದ ಬರುವಾಗ ನನ್ನ ಎದೆ ಹಿಂಡುತ್ತಿತ್ತು. ಟ್ರಿಪ್ ತಪ್ಪಬಾರದೆಂದು ಓಡಿಸುತ್ತಲೇ ಇದ್ದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿದ ನಿಜಾಮ ಬೆಲ್ ಹೊಡೆದು ಬಸ್ಸು ನಿಲ್ಲಿಸಿದ. ಜನರನ್ನು ಬೇರೆ ಬಸ್ಸಿಗೆ ಹತ್ತಿಸಿ, ನನ್ನನ್ನು ಆಸ್ಪತ್ರೆಗೆ ಸೇರಿಸಿ, ನಡೆದದ್ದನ್ನು ಡಿಪೋಗೆ ಬರೆದುಕೊಟ್ಟ. ಆ ಕಾಗದದಿಂದಲೇ ನಾನು ಗೋದಾಮು ಸೇರಿದ್ದು. ಉಂಡ ಮನೆಗೆ ಎರಡು ಬಗೆದ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಮೂರು ಗಂಟೆಗೆ ಬಾಗಿಲಲ್ಲಿ ನಿಂತ. “ಸಿದ್ದಣ್ಣ, ಆರಾಮ ಇದ್ದೀರೇನ್ರಿ?”

“ನಾ ಆರಾಮ ಇದ್ದೇನಿ. ಡಬ್ಬಿ ಆರಾಮಿಲ್ಲ,” ಎಂದೆ, ಮುಖ ನೋಡದೆ.

ಅವನು ಡಬ್ಬಿಯನ್ನು ಮುಟ್ಟಲೇ ಇಲ್ಲ. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಪಕ್ಕ ಕೂತು, ಹಾರಿಸಿ ತೋರಿಸಿ ಎಂದ. ಹಾರಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಕತ್ತಲೆ.

“ಈ ಕಂಪ್ಯೂಟರ್ ಯಾಕ್ರಿ ಇಷ್ಟ್ ಮಂಕ್ ಅದ? ಫ್ಯಾನಿನ ಸಪ್ಪಳನೂ ಇಲ್ಲ,” ಎಂದ.

“ಕರೆಂಟ್ ಉಳೀಲಿ ಅಂತ ಉಳಿತಾಯಕ್ಕ ಇಟ್ಟೇನಿ. ಅದೂ ಎಂಜಿನ್ನೇ ಅಲ್ಲೇನು?”

ನಿಜಾಮ ಕೆಮ್ಮು ಬರುವಷ್ಟು ನಕ್ಕ. “ಇಳಿಜಾರದಾಗ ಬಸ್ಸು ನ್ಯೂಟ್ರಲ್ ಮಾಡಾವ್ರು ನೀವು. ಇದಕ್ಕೂ ಅದೇ ಚಟಾ ಹಚ್ಚೀರಿ! ನಮ್ಮ ಸೆಂಟರಿನಾಗ ಪ್ರಿಂಟರ್ ಹಿಂಗೇ ಮಾಯ ಆಗ್ತಿತ್ತು. ಉಳಸು ಅಂದ್ರ ಕಂಪ್ಯೂಟರ್ ಮೊದ್ಲು ಈ ಕಿಂಡಿಗೋಳ ಕರೆಂಟ್ ಕಡೀತದ. ಕಿಂಡಿ ಮಲಗ್ತದ, ಡಬ್ಬಿ ಕಣ್ಣು ಮುಚ್ತದ.”

ಸೆಟ್ಟಿಂಗಿಗೆ ಹೋಗಿ ಉಳಿತಾಯ ತೆಗೆದು ಪೂರ್ಣ ಶಕ್ತಿಗೆ ಇಟ್ಟ. ಕಿಂಡಿಗಳು ಮಲಗಲು ಇದ್ದ ಅನುಮತಿಯನ್ನೂ ಕಿತ್ತುಹಾಕಿದ. ಫ್ಯಾನು ಜೋರಾಗಿ ತಿರುಗಿತು. ಇಪ್ಪತ್ತೈದು ನಿಮಿಷ ಹಾರಿಸಿದೆ, ಕತ್ತಲೆ ಬರಲಿಲ್ಲ. ಪದಕ ತಂದುಕೊಟ್ಟ ಚಟವೇ ನನ್ನನ್ನು ಎರಡು ಸಲ ಫೇಲು ಮಾಡಿತ್ತು. ನನಗೆ ನಾಚಿಕೆಯಾಯಿತು.

ನಾಲ್ಕಕ್ಕೆ ಹುಬ್ಬಳ್ಳಿಯ ಪರೀಕ್ಷಕ ಗುರುಶಾಂತ ಅವರ ದನಿ ಕಿವಿಯಲ್ಲಿ ಬಂತು. ಕಲಬುರಗಿಯಿಂದ ಏರಬೇಕು, ಭೀಮೆಯ ಮೇಲೆ ಸೊನ್ನದ ತನಕ ಹೋಗಿ ಬರಬೇಕು, ಮತ್ತೆ ಕಲಬುರಗಿಯಲ್ಲೇ ಇಳಿಸಬೇಕು. ಏರಿದೆ. ಹೂವು ಎತ್ತಿದ ಹಾಗೆ ಏರಿತು. ಬ್ಯಾರೇಜಿನ ಮೇಲೆ ತಿರುಗಿಸಿದೆ, ಹೆಡ್‌ಸೆಟ್ ಒಂದು ಸಲವೂ ಕಣ್ಣು ಮಿಟುಕಿಸಲಿಲ್ಲ. ಇನ್ನು ಪಟ್ಟ ನನ್ನದೇ ಎಂದುಕೊಂಡೆ.

ರನ್‌ವೇ ಕಂಡಾಗ ನಾನು ತುಸು ಎತ್ತರದಲ್ಲಿದ್ದೆ, ವೇಗವೂ ಹೆಚ್ಚಿತ್ತು. ಮತ್ತೆ ಮೇಲೇರಿ ಇನ್ನೊಂದು ಸುತ್ತು ಹಾಕಿ ಬಂದರೆ ಸರಿಹೋಗುತ್ತಿತ್ತು. ಆದರೆ ಎಣ್ಣೆ ದಂಡ, ಹೊತ್ತು ದಂಡ. ಇಳಿಸಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿ ಮೂತಿ ಕೆಳಗೆ ಒತ್ತಿದೆ. ನನ್ನ ಹಿಂದಕ್ಕೆ ಕುರ್ಚಿ ಸರಿಸಿಕೊಂಡು ಪರದೆ ನೋಡುತ್ತ ಕೂತಿದ್ದ ನಿಜಾಮ ಉಸಿರು ಬಿಡುವುದನ್ನೇ ನಿಲ್ಲಿಸಿದ್ದು ನನಗೆ ಗೊತ್ತಾಯಿತು. ಅವತ್ತು ಬಸ್ಸಿನಲ್ಲೂ ನಾನು ಹೀಗೇ ಹಲ್ಲು ಕಚ್ಚಿದ್ದೆ. ಹಿಂದೆ ಜನ ಕೂತಿದ್ದಾರೆ ಎಂಬುದನ್ನೇ ಮರೆತಿದ್ದೆ.

ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮೂತಿ ಎತ್ತಿದೆ. “ಈಗ ಇಳಸೂದಿಲ್ರಿ. ಇನ್ನೊಂದು ಸುತ್ತು ಹಾಕ್ತೇನಿ.”

“ಹಾಕ್ರಿ,” ಎಂದರು ಗುರುಶಾಂತ, ಅಷ್ಟೇ.

ಎರಡನೆಯ ಸಲ ಚಕ್ರ ನೆಲ ಮುಟ್ಟಿದ್ದು ನನಗೇ ತಿಳಿಯಲಿಲ್ಲ. ವಿಮಾನ ನಿಂತ ಮೇಲೆ ಗುರುಶಾಂತ ಹೇಳಿದರು: “ಪಾಸ್ ಆದ್ರಿ, ಕ್ಯಾಪ್ಟನ್. ಮೊದಲನೇ ಸಲಾನೇ ಇಳಿಸಿದ್ರ ಫೇಲ್ ಮಾಡಾಂವ ಇದ್ದೆ. ನಿಮ್ಮ ವಿಮಾನದಾಗ ಜನರನ್ನ ಕೂಡಿಸಬಹುದು.”

ಎರಡು ವರ್ಷ ಕಾದ ಮಾತು. ಹೆಡ್‌ಸೆಟ್ ತೆಗೆದೆ, ಕಣ್ಣು ಒದ್ದೆಯಾಗಿತ್ತು. ನಿಜಾಮ “ಮುಬಾರಕ್, ಸಿದ್ದಣ್ಣ,” ಎಂದು ಎದ್ದು ಚಪ್ಪಲಿ ಹುಡುಕುತ್ತಿದ್ದ.

“ಕೂಡು ನಿಜಾಮ,” ಎಂದೆ. “ಅವತ್ತು ತಪ್ಪು ನಂದಿತ್ತು. ನೀ ಬೆಲ್ ಹೊಡೀಲಿಲ್ಲಂದ್ರ ಐವತ್ತು ಮಂದಿನ್ನ ಕೊಲ್ತಿದ್ದೆ. ಊರ ತುಂಬ ನಿನ್ನ ಬೈದೇನಿ. ಅದೂ ತಪ್ಪೇ.”

ಅವನು ಕೂತ. ಚಪ್ಪಲಿಯನ್ನು ಕಾಲಿನಿಂದಲೇ ಬದಿಗೆ ಸರಿಸಿದ.

“ಮಂದಿ ವಿಚಾರ ಆಮ್ಯಾಲ ಬಂತ್ರಿ,” ಎಂದ. “ಸುಳ್ಳು ಯಾಕ ಹೇಳ್ಲಿ? ಬೆಲ್ ಹೊಡಿವಾಗ ನನ್ನ ಕಣ್ಣಾಗ ನೀವೊಬ್ಬರೇ ಇದ್ರಿ.”