ಬರೀ ಜ್ವರದ ಮಾತ್ರೆ

ನಮ್ಮಮ್ಮನನ್ನು ಯಾರಾದರೂ ಒಂದು ಸಲ ಹೆದರಿಸಿದರೆ ಸಾಕು, ಆ ಹೆದರಿಕೆಯನ್ನು ಮನೆಮಂದಿಗೆಲ್ಲ ಹಂಚಿಬಿಡುತ್ತಾಳೆ. ಅಪ್ಪ ಗಾರೆ ಮೇಸ್ತ್ರಿ. ಏಣಿಯಿಂದ ಬಿದ್ದು ಸೊಂಟ ಉಳುಕಿಸಿಕೊಂಡಾಗ ನಮ್ಮ ಬೀದಿಯ ಡಾಕ್ಟರಮ್ಮ ಎರಡು ಔಷಧ ಸೇರಿದ ಮಾತ್ರೆ ಬರೆದುಕೊಟ್ಟಿದ್ದರು. ಒಂದು ಅಫೀಮಿನ ಜಾತಿಯದು, ಚಟ ಹತ್ತೀತು, ಹುಷಾರು ಎಂದಿದ್ದರು. ಅಮ್ಮ ಅಷ್ಟನ್ನೇ ಗಂಟು ಹಾಕಿಕೊಂಡಳು.

ಈಗ ಅದೇ ಡಾಕ್ಟರಮ್ಮನ ಎದುರು ಅಪ್ಪ ಬಕೆಟ್ ತಬ್ಬಿಕೊಂಡು ಕೂತಿದ್ದ. ನಿನ್ನೆಯಿಂದ ಒಂದೇ ಸಮನೆ ವಾಂತಿ. ಬಲ ಪಕ್ಕೆಯ ಕೆಳಗೆ ಒತ್ತಿದಾಗ ಚೀರಿದ. ಡಾಕ್ಟರಮ್ಮ ಅವನ ರೆಪ್ಪೆ ಎಳೆದು ನೋಡಿದರು, ಕಣ್ಣು ಹಳದಿಯಾಗಿತ್ತು.

ಹೇಳಿದ್ದಕ್ಕಿಂತ ಹೆಚ್ಚು ಮಾತ್ರೆ ಕೊಟ್ಟಿರಾ ಎಂದು ಕೇಳಿದರು. ಅಮ್ಮನಿಗೆ ಮೂಗಿನ ತುದಿಗೆ ಕೋಪ ಬಂತು. ಅಪ್ಪ ಗೋಗರೆದರೂ ಅವಳು ಒಂದೂ ಹೆಚ್ಚು ಕೊಟ್ಟಿರಲಿಲ್ಲ, ಬೀರುವಿಗೆ ಬೀಗ ಜಡಿದಿದ್ದಳು. ಅದಕ್ಕೆ ನಾನೇ ಸಾಕ್ಷಿ.

"ಹಾಗಿದ್ರೆ ನೋವಿಗೆ ಏನು ಮಾಡಿದ್ರಿ?"

"ಏನಿಲ್ಲ ಡಾಕ್ಟ್ರೇ. ನರಳಿದಾಗೆಲ್ಲ ಬರೀ ಜ್ವರದ ಮಾತ್ರೆ ಕೊಟ್ಟೆ. ಅದಕ್ಕೇನು ಚಟ ಹತ್ತಲ್ವಲ್ಲ."

ಡಾಕ್ಟರಮ್ಮ ಎದ್ದು ನಿಂತರು. ಎಷ್ಟು ಎಂದರೆ ಅಮ್ಮನಿಗೆ ಗೊತ್ತಿಲ್ಲ. ಚಟ ಹತ್ತದ ಮಾತ್ರೆಗೆ ಯಾರು ಲೆಕ್ಕ ಇಡುತ್ತಾರೆ? ಆದರೆ ಅಪ್ಪನ ಮಾತ್ರೆಯಲ್ಲಿದ್ದ ಎರಡನೆಯ ಔಷಧವೂ ಅದೇ ಜ್ವರದ್ದಂತೆ. ಎರಡೂ ಕಡೆಯಿಂದ ಸೇರಿ ವಿಷವಾಗಿ ಲಿವರ್ ಕೆಡಿಸುತ್ತಿದೆ ಎಂದು, ಫೋನು ಕಿವಿಗಿಟ್ಟುಕೊಂಡೇ ಹೇಳಿದರು. ಅವತ್ತೇ ಹೇಳಲು ನಿಮ್ಮ ಬಾಯಿಗೆ ಏನಾಗಿತ್ತು ಎಂದು ನಾನು ಕೇಳಿಯೇಬಿಟ್ಟೆ.

"ಹೇಳ್ಬೇಕಿತ್ತು," ಎಂದರು. ಮುಖ ಬಿಳಿಚಿಕೊಂಡಿತ್ತು. "ಚಟದ ಬಗ್ಗೆ ಹೇಳೋ ಭರದಲ್ಲಿ ಇದು ಬಿಟ್ಟೇ ಹೋಯ್ತು. ಇದಕ್ಕೆ ಮದ್ದಿದೆ, ಆದ್ರೆ ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ. ದಾರೀಲಿ ಯಾವ ಮಾತ್ರೇನೂ ಕೊಡ್ಬೇಡಿ."

ಅಮ್ಮ ಬಗ್ಗಿ ಅಪ್ಪನ ಚಪ್ಪಲಿ ಹುಡುಕತೊಡಗಿದಳು. ಅವಳ ಮೇಲೆ ಸಿಟ್ಟು ಮಾಡಬೇಕೋ, ಅವಳನ್ನು ತಬ್ಬಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಆಂಬುಲೆನ್ಸು ಹಳ್ಳಕ್ಕಿಳಿದಾಗಲೆಲ್ಲ ಅಪ್ಪ ಹಲ್ಲು ಕಚ್ಚುತ್ತಿದ್ದ. ಕೊನೆಗೆ ತಡೆಯಲಾಗದೆ ಅಮ್ಮನ ಕೈ ಹಿಡಿದ.

"ಆ ಚಟದ್ದು ಬೇಡ ಕಣೇ. ಜ್ವರದ್ದೇ ಒಂದು ಕೊಡು. ಅದಕ್ಕೆ ನೀನು ಯಾವತ್ತೂ ಇಲ್ಲ ಅಂದೋಳಲ್ಲ."

ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಅವನ ಕಣ್ಣಿನ ಹಳದಿಯನ್ನು ಆಗಷ್ಟೇ ಕಂಡವಳ ಹಾಗೆ ಅವನ ಕೈಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು.