ನಿಂತ ಮೇಲೆ ಬರ್ತೀನಿ

ನಮ್ಮ ಅತ್ತೆ ಹೊಳೆಮ್ಮನಿಗೆ ಮುಟ್ಟು ನಿಂತು ಆರೇಳು ವರ್ಷವಾಗಿತ್ತು. ನಿಂತದ್ದು ಮತ್ತೆ ಶುರುವಾದಾಗ ಮಲಪನಗುಡಿಯ ನಮ್ಮ ಓಣಿಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. ಗಾಬರಿ ಹಾಗಿರಲಿ, ಪಕ್ಕದ ಮನೆಯ ದ್ಯಾಮಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಪುಣ್ಯ ಮಾಡೀಯವ್ವ ಹೊಳೆಮ್ಮ, ಹೋದ ಪ್ರಾಯ ತಿರುಗಿ ಬಂದೈತಿ," ಅಂದಳು. ನಮ್ಮತ್ತೆಯೂ ನಕ್ಕಳು. ನಗುತ್ತಲೇ ಚಾಪೆ, ಚೆಂಬು, ಕಂಬಳಿ ಎತ್ತಿಕೊಂಡು ಹಿತ್ತಲಿನ ಕೊಟ್ಟಿಗೆಗೆ ಹೋಗಿ ಕುಂತಳು. ಆ ನಗು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ನನಗೆ ಉರಿಯಲು ಕಾರಣವಿತ್ತು. ನನ್ನ ತವರು ಕಂಪ್ಲಿ. ಅಲ್ಲಿ ನಮ್ಮ ಚಿಕ್ಕವ್ವನಿಗೂ ಹೀಗೆಯೇ ನಿಂತದ್ದು ಶುರುವಾಗಿತ್ತು. ಅವಳ ಸುತ್ತಲೂ ಹೆಂಗಸರು ಹೀಗೆಯೇ ನಕ್ಕಿದ್ದರು. ಆಮೇಲೆ ಒಂದು ಬೇಸಿಗೆ ಕಳೆದಳು, ಎರಡನೆಯ ಬೇಸಿಗೆಗೆ ಅವಳಿರಲಿಲ್ಲ. ಆದ್ದರಿಂದ ನಾನು ಆವತ್ತೇ ಕೊಟ್ಟಿಗೆಗೆ ಹೋಗಿ, "ಅತ್ತಿ, ನಾಳೆ ಹೊಸಪ್ಯಾಟಿಗೆ ಹೋಗಿ ಡಾಕ್ಟರಮ್ಮಗ ತೋರ್ಸಣ," ಅಂದೆ.

"ಹುಚ್ಚೀ, ಹೊರಗಾದಾಕಿ ಹೊರಗ ತಿರುಗತಾರೇನು? ನಿಂತಮ್ಯಾಲೆ ಬರ್ತೀನಿ ತಗಿ," ಅಂದಳು.

ನಮ್ಮ ಮನೆಯಲ್ಲಿ ಈ ಹೊರಗೆ ಕೂರುವ ಪದ್ಧತಿ ಇಷ್ಟೊಂದು ಬಿಗಿಯಾಗಿರುವುದು ದೇವರಿಗಾಗಿ ಅಲ್ಲ, ವೀಳ್ಯದ ಎಲೆಬಳ್ಳಿ ತೋಟಕ್ಕಾಗಿ. ಎಲೆಬಳ್ಳಿಗೆ ನಮ್ಮ ಕಡೆ ಭಾರೀ ಮಡಿ. ತೋಟದ ಒಳಗೆ ಚಪ್ಪಲಿ ಹಾಕುವಂತಿಲ್ಲ, ಮುಟ್ಟಾದ ಹೆಂಗಸು ಬೇಲಿ ದಾಟುವಂತಿಲ್ಲ. ದಾಟಿದರೆ ಬಳ್ಳಿ ಸುಟ್ಟುಹೋಗುತ್ತದೆ ಅನ್ನುತ್ತಾರೆ. ಸುತ್ತಲಿನವರೆಲ್ಲ ಕಾಲುವೆ ನೀರು ಹೆಚ್ಚಾಯಿತೆಂದು ಕಬ್ಬು ಹಾಕಿ ಹಂಚು ತೆಗೆಸಿ ಮನೆಗೆ ಸ್ಲ್ಯಾಬ್ ಹಾಕಿಸಿಕೊಂಡರೂ ನಮ್ಮತ್ತೆ ಆ ತೋಟ ಕೀಳಲು ಬಿಡಲಿಲ್ಲ. ಮಾವ ಸತ್ತ ವರ್ಷ ಅವಳೇ ನಿಂತು ನೆಟ್ಟ ಬಳ್ಳಿಗಳು ಅವು. ಚೊಗಚೆ ಮರಕ್ಕೆ ಬಳ್ಳಿ ಹಬ್ಬಿಸಿ ಬಾಳೆ ನಾರಿನಿಂದ ಕಟ್ಟುವುದರಲ್ಲಿ ಅವಳ ಕೈಯಷ್ಟು ಹಗುರವಾದ ಕೈ ಊರಲ್ಲಿ ಇನ್ನೊಂದಿಲ್ಲ, ಇದನ್ನು ನಾನು ಜಗಳದಲ್ಲೂ ಒಪ್ಪುತ್ತೇನೆ.

ಸರಿ, ನಿಲ್ಲಲಿ ಅಂತ ಕಾದೆ. ನಿಂತಿತು. ತಲೆಗೆ ನೀರು ಹಾಕಿಕೊಂಡು, ಹಣೆಗೆ ಕುಂಕುಮ ಇಲ್ಲದಿದ್ದರೂ ವಿಭೂತಿ ಬಳಿದುಕೊಂಡು ಸೀದಾ ತೋಟಕ್ಕೆ ಹೊರಟಳು. ನಾನು ದಾರಿಗೆ ಅಡ್ಡ ನಿಂತು ಬಸ್ಸಿನ ಮಾತು ತೆಗೆದೆ.

"ಈಗೆಲ್ಲಿ ಐತವ್ವ ರೋಗ? ನಿಂತೈತಲ್ಲ. ಚಂದಾಗಿರಾಕಿ ಹೋಗಿ ಡಾಕ್ಟರಮ್ಮಗ ಏನು ತೋರಿಸ್ಲಿ?"

ಎರಡು ವಾರಕ್ಕೆ ಮತ್ತೆ ಬಂತು. ಮತ್ತೆ ಕೊಟ್ಟಿಗೆ. ಮತ್ತೆ ನಾನು, ಮತ್ತೆ ಅದೇ ಉತ್ತರ, ನಿಂತಮ್ಯಾಲೆ ಬರ್ತೀನಿ. ನಿಂತ ಮೇಲೆ ಮತ್ತೆ, ಈಗೆಲ್ಲಿ ಐತವ್ವ ರೋಗ. ಹರಿಯುವಾಗ ಹೋಗುವ ಹಾಗಿಲ್ಲ, ನಿಂತಾಗ ಹೋಗುವ ಅಗತ್ಯವಿಲ್ಲ. ಇಂಥ ಹೆಂಗಸಿಗೆ ಯಾವ ದಿನ ಆಸ್ಪತ್ರೆ ತೋರಿಸಬೇಕು, ನೀವೇ ಹೇಳಿ. ಹೊಸಪೇಟೆಯೇನು ಕಾಶಿಯೇ? ಹಂಪಿಯಿಂದ ಬರುವ ಬಸ್ಸು ಹತ್ತಿ ಕುಂತರೆ ಬಾಯಲ್ಲಿನ ಎಲೆಯಡಿಕೆ ಮುಗಿಯುವಷ್ಟರಲ್ಲಿ ಸ್ಟ್ಯಾಂಡ್ ಬರುತ್ತದೆ. ಹಿಪ್ಪಿಗಳು ಯಾವುದೋ ದೇಶದಿಂದ ಅಷ್ಟು ದೂರ ಹಂಪಿ ಬಜಾರಿಗೆ ಬಂದು ಹೋಗುತ್ತಿದ್ದರು, ನಮ್ಮತ್ತೆಗೆ ಹೊಸಪೇಟೆ ದೂರವಾಗಿತ್ತು.

ಒಂದು ದಿನ ನಾನೇ ಸಂತೆಯ ನೆವ ಮಾಡಿ ಹೋಗಿ ಡಾಕ್ಟರಮ್ಮನನ್ನು ಕಂಡೆ. ಕೇಳಿದ ತಕ್ಷಣ ಆಕೆಯ ಮುಖ ಗಂಟಾಯಿತು. "ನಿಂತಿರಲಿ, ಹರಿಯುತ್ತಿರಲಿ, ಕರ್ಕೊಂಡು ಬನ್ನಿ. ಹರಿಯುವಾಗ ತರಬಾರದು ಅಂತ ನಿಮಗೆ ಯಾರು ಹೇಳಿದ್ದು?" ಅಂತ ನನ್ನ ಮೇಲೆಯೇ ಹರಿಹಾಯ್ದಳು. ಯಾರು ಹೇಳಿದರು ಅಂತ ಹೇಳಲಿ? ಬಳ್ಳಿ ಹೇಳಿತು ಅನ್ನಲೇ? ಸುಮ್ಮನೆ ಬೈಸಿಕೊಂಡು ಬಂದೆ.

ಗಂಡನಿಗೆ ಹೇಳಿದೆ. ನನ್ನ ಗಂಡ ಮೂಕಪ್ಪ ಹೆಸರಿಗೆ ತಕ್ಕವನಲ್ಲ, ಬೇಕಾದ್ದಕ್ಕೂ ಬೇಡದ್ದಕ್ಕೂ ಮಾತಾಡುತ್ತಾನೆ. ಆದರೆ ಈ ಮಾತು ತೆಗೆದ ಕೂಡಲೇ ನೆಲ ನೋಡಿದ. "ಅದು ಹೆಂಗಸ್ರ ವಿಷಯ. ಅವ್ವಗ ನಾನೇನಂತ ಕೇಳ್ಲಿ? ಆಕೀನೇ ಚಂದಾಗೀನಿ ಅಂತಾಳಲ್ಲ," ಅಂದ. ಅದೇ ತಿಂಗಳು ತೋಟದ ಒಂದು ಮೂಲೆಯಲ್ಲಿ ಬಳ್ಳಿ ಬುಡ ಕೊಳೆತು ಸೊರಗಿದ್ದಕ್ಕೆ ಬೆಳಿಗ್ಗೆಯೇ ಸೈಕಲ್ ಹತ್ತಿ ಹೋಗಿ, ಮಧ್ಯಾಹ್ನದೊಳಗೆ ಕೃಷಿ ಆಫೀಸರನ್ನು ಜೀಪಿನ ಸಮೇತ ಕರೆತಂದಿದ್ದ. ಆಫೀಸರು ಬಗ್ಗಿ ಬಗ್ಗಿ ಬೇರು ನೋಡಿದರು, ಔಷಧ ಹೇಳಿದರು, ನಮ್ಮ ಮನೆಯಲ್ಲಿ ಚಹಾ ಕುಡಿದರು. ಕೊಟ್ಟಿಗೆಯಲ್ಲಿ ಕುಂತಿದ್ದ ನಮ್ಮತ್ತೆ ಅಲ್ಲಿಂದಲೇ ಕೂಗಿ, "ಸಾಹೇಬ್ರಿಗೆ ಇನ್ನೊಂದು ಕಪ್ ಕೊಡು," ಅಂದಳು. ನಾನು ಲೋಟ ಕುಕ್ಕಿ ಇಟ್ಟೆ.

ಐದು ತಿಂಗಳು ಹೀಗೆ ಹೋಯಿತು. ಎರಡು ವಾರದ ಬಿಡುವು ಒಂದು ವಾರಕ್ಕೆ ಬಂತು, ಆಮೇಲೆ ಬಿಡುವೇ ಇಲ್ಲದಂತಾಯಿತು. ಅವಳ ಬಟ್ಟೆ ಒಗೆಯುವವಳು ನಾನು. ಆ ವಾಸನೆ ಮುಟ್ಟಿನದಲ್ಲ ಅಂತ ಮೂಗಿರುವ ಯಾರಿಗಾದರೂ ತಿಳಿಯುತ್ತಿತ್ತು. ಕೊಟ್ಟಿಗೆಯಲ್ಲಿ ಕುಂತು ಕುಂತು ಅವಳ ಮುಖ ಬಿಳಿಚಿಕೊಂಡಿತು, ಗಲ್ಲದ ಎಲುಬುಗಳು ಎದ್ದು ಕಂಡವು. ಇತ್ತ ತೋಟ ನೋಡುವವರಿಲ್ಲದೆ ಎಲೆ ಕೊಯ್ಯಲು ಬಂದ ವ್ಯಾಪಾರಿ ಉಚ್ಚೆಂಗಪ್ಪನ ಆಳುಗಳು ಕೈಗೆ ಸಿಕ್ಕಂತೆ ಬಳ್ಳಿ ಜಗ್ಗಿದರು. ನಮ್ಮತ್ತೆ ಬೇಲಿಯ ಹೊರಗೆ, ಕೊಟ್ಟಿಗೆಯ ಗೋಡೆ ಹಿಡಿದು ನಿಂತು, "ಏ ಉಚ್ಚೆಂಗಪ್ಪ, ಚಿಗುರು ಮುರೀಬ್ಯಾಡ್ರೊ, ಮೆತ್ತಗ, ಮೆತ್ತಗ," ಅಂತ ಕೂಗುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ತನ್ನ ಹೊಟ್ಟೆ ನೋವಿಗೆ ಅವಳು ಒಂದು ಸಲವೂ ಅತ್ತದ್ದು ನಾನು ನೋಡಿರಲಿಲ್ಲ.

ಆಗ ನನಗೆ ಬುದ್ಧಿ ಬಂತು. ಇವಳನ್ನು ಜೀವದ ಭಯ ತೋರಿಸಿ ಎಬ್ಬಿಸಲಾಗುವುದಿಲ್ಲ, ಬಳ್ಳಿ ತೋರಿಸಿಯೇ ಎಬ್ಬಿಸಬೇಕು.

"ಅತ್ತಿ, ಒಂದು ಮಾತು ಕೇಳ್ತೀನಿ. ಕುಡುಗೋಲು ತಾಗಿ ಕಾಲಾಗ ರಕ್ತ ಬಂದ್ರ ತೋಟದಾಗ ಹೋಗಬೌದೋ, ಹೋಗಬಾರ್ದೋ?"

"ಯಾಕ ಹೋಗಬಾರ್ದು? ಗಾಯಕ್ಕ ಎಂಥಾ ಮೈಲಿಗಿ?"

"ಮತ್ತ ಇದು ಮುಟ್ಟು ಅಂತ ಯಾರು ಹೇಳಿದ್ರು ನಿನಗ? ದ್ಯಾಮಕ್ಕ ಹೇಳಿದ್ಲು. ಆಕಿ ಏನು ಒಳಗ ಇಣುಕಿ ನೋಡ್ಯಾಳೇನು? ಒಳಗ ಗಾಯ ಆಗಿದ್ರ? ನೀನು ಐದು ತಿಂಗಳು ಸುಮ್ಮನ ಹೊರಗ ಕುಂತಂಗಾತು, ಇವ್ರು ತೋಟ ಹಾಳು ಮಾಡಿದಂಗಾತು."

ಅವಳು ತಿರುಗಿ ನನ್ನ ಮುಖ ನೋಡಿದಳು.

"ಅದನ್ನ ಯಾರು ಹೇಳಬೇಕು?" ಅಂದಳು.

"ಡಾಕ್ಟರಮ್ಮ ಹೇಳಬೇಕು. ಅದೂ ಹರಿಯುವಾಗ ನೋಡೇ ಹೇಳಬೇಕು."

ಮರುದಿನ ಜಟಕಾ ಮಾಡಿಕೊಂಡು ಹೊರಟೆವು. ಐದು ತಿಂಗಳು ಕಾಲು ಹಿಡಿದರೂ ಅಲುಗದವಳು ನ್ಯಾಯ ಕೇಳಲು ಹೊರಟವಳ ಹಾಗೆ ನೆಟ್ಟಗೆ ಕುಂತಿದ್ದಳು.

ಡಾಕ್ಟರಮ್ಮ ಪರದೆಯ ಹಿಂದೆ ಬಹಳ ಹೊತ್ತು ನೋಡಿದಳು. ನಮ್ಮತ್ತೆ ಮಲಗಿದಲ್ಲಿಂದಲೇ ಎರಡೆರಡು ಸಲ ಕೇಳುವುದು ನನಗೆ ಕೇಳಿಸಿತು. "ಇದು ಮುಟ್ಟೋ, ಅಲ್ಲೋ? ಅಷ್ಟು ಹೇಳ್ರಿ ಸಾಕು."

"ಮುಟ್ಟಲ್ಲಮ್ಮ. ಒಳಗೆ ಹುಣ್ಣಾಗಿದೆ," ಅಂದಳು ಡಾಕ್ಟರಮ್ಮ.

ಆಮೇಲೆ ಕೈ ತೊಳೆದುಕೊಂಡು ಹೊರಗೆ ಬಂದು, ದನಿ ತಗ್ಗಿಸಿ ನನಗೆ ಉಳಿದದ್ದನ್ನು ಹೇಳಿದಳು. ಗರ್ಭದ ಬಾಯಿಯ ಹುಣ್ಣು. ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇನೆ, ಆದರೆ ನನ್ನ ಕಣ್ಣಿಗೆ ಇದು ಕ್ಯಾನ್ಸರೇ. ಈ ವಾರವೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ, ಅಲ್ಲಿ ಹುಣ್ಣು ಸುಡುವ ಕರೆಂಟ್ ಕೊಡಬೇಕಾಗುತ್ತದೆ. ಶುರುವಾದಾಗಲೇ ಬಂದಿದ್ದರೆ ಗರ್ಭಕೋಶ ತೆಗೆದು ಮನೆಗೆ ಕಳಿಸಬಹುದಿತ್ತು, ಈಗ ಹೇಗಾಗುತ್ತದೋ ನಾನು ಹೇಳಲಾರೆ ಅಂದಳು. ನಾನು ಬೆಂಚಿನ ಮೇಲೆ ಕುಂತುಬಿಟ್ಟೆ.

ನಮ್ಮತ್ತೆ ಸೀರೆ ಸರಿಮಾಡಿಕೊಂಡು ಹೊರಗೆ ಬಂದಳು. "ಮುಟ್ಟಲ್ಲಂತ, ಕೇಳಿಸ್ಕೊಂಡಿಯಿಲ್ಲೋ?" ಅಂದಳು. ದಾರಿಯುದ್ದಕ್ಕೂ ಅದೇ ಮಾತು. ಜಟಕಾದವನಿಗೂ ಒಂದು ಸಲ ಹೇಳಿದಳು, ಆತ ಪಾಪ ಎಲ್ಲಿ ನೋಡಬೇಕೆಂದು ತಿಳಿಯದೆ ಕುದುರೆಯ ಬೆನ್ನು ನೋಡಿದ. ನನಗೆ ಅಳಬೇಕೋ ಅವಳ ಭುಜ ಹಿಡಿದು ಅಲುಗಿಸಬೇಕೋ ತಿಳಿಯಲಿಲ್ಲ. ಹುಣ್ಣಾಗಿದೆ ಅಂತಲೂ ಹೇಳಿದ್ದರಲ್ಲಿ ಒಬ್ಬ ಹೆಂಗಸು ಮುಟ್ಟಲ್ಲ ಅನ್ನುವುದನ್ನಷ್ಟೇ ಹೇಗೆ ಕೇಳಿಸಿಕೊಳ್ಳುತ್ತಾಳೆ?

ಮನೆಗೆ ಹೋಗಲೊಲ್ಲೆ ಅಂದಳು. ತೋಟದ ಬಾಗಿಲಲ್ಲೇ ಜಟಕಾ ನಿಲ್ಲಿಸಿ ಇಳಿದು, ಚಪ್ಪಲಿ ಬಿಟ್ಟು ಒಳಗೆ ಹೋದಳು. ಆಳುಗಳು ಜಗ್ಗಿ ಜೋತುಬಿಟ್ಟಿದ್ದ ಬಳ್ಳಿಗಳನ್ನು ಎತ್ತಿ ಮರಕ್ಕೆ ಒರಗಿಸಿ ಕಟ್ಟತೊಡಗಿದಳು. ನಡುನಡುವೆ ಹೊಟ್ಟೆ ಹಿಡಿದು ನಿಲ್ಲುತ್ತಿದ್ದಳು. ನಾನು ಬೇಲಿಯ ಹೊರಗೇ ನಿಂತಿದ್ದೆ.

"ಅಲ್ಲೇನು ನಿಂತೀ? ಆ ಬಾಳಿ ನಾರು ತಗೊಂಡು ಒಳಗ ಬಾ," ಅಂದಳು.

"ನಾ ಬರಂಗಿಲ್ಲತ್ತಿ. ಮುಂಜಾನಿ ಹೊರಗಾಗೀನಿ."

ಅವಳ ಕೈ ಗಂಟಿನ ಮೇಲೆ ನಿಂತಿತು. ನನ್ನ ಕಡೆ ತಿರುಗದೆಯೇ ಕೇಳಿದಳು. "ಹುಬ್ಬಳ್ಳಿಗೆ ಯಾವತ್ತು ಹೋಗ್ಬೇಕಂತ?"

"ನಿನಗ ಕೇಳಿಸ್ತಾ?"

"ಅಡ್ಡ ಇದ್ದದ್ದು ಪರದಿ, ಗ್ವಾಡಿ ಅಲ್ಲ."

"ಈ ವಾರದಾಗ," ಅಂದೆ. ಸಿಟ್ಟು ಬಿಡಲಿಲ್ಲ. "ಏನು, ನಿಂತಮ್ಯಾಲೆ ಹೋಗಣೇನು?"

"ಇಲ್ಲ. ಹಿಂಗೇ ಬರ್ತೀನಿ." ಗಂಟು ಮುಗಿಸಿ ಮುಂದಿನ ಬಳ್ಳಿಗೆ ಹೋದಳು. "ಒಳಗ ಬಾ ನೀನು. ಅಲ್ಲಿ ಎಷ್ಟು ದಿನ ಇಟ್ಕೋತಾರೋ, ಬರ್ತೀನೋ ಇಲ್ಲೋ. ಕಟ್ಟೂದು ಕಲ್ತಕೋ."

"ಬಳ್ಳಿ ಸುಡ್ತೈತಿ ಅಂತಿದ್ದಿಯಲ್ಲ."

"ಸುಡಂಗಿಲ್ಲ," ಅಂದಳು ನಮ್ಮತ್ತೆ. "ನಿಮ್ಮ ಮಾವ ಸತ್ತ ವರ್ಷ ಆಳು ಸಿಗಲಿಲ್ಲ. ಇವನ್ನೆಲ್ಲ ನಾನೊಬ್ಬಾಕೀನೇ ನೆಟ್ಟೀನಿ, ಹೊರಗಾದಾಗೂ ಒಂದು ದಿನ ಬಿಟ್ಟಿಲ್ಲ. ಸುಡಂಗಿಲ್ಲ, ನನಗ ಗೊತ್ತೈತಿ. ಬಾ."

ನಾನು ಬೇಲಿ ಹಿಡಿದು ಹಾಗೆಯೇ ನಿಂತೆ. ಗೊತ್ತಿತ್ತಂತೆ. ಐದು ತಿಂಗಳು ಕೊಟ್ಟಿಗೆಯಲ್ಲಿ ಕುಂತಾಗಲೂ ಗೊತ್ತಿತ್ತು, ನಾನು ಕಾಲು ಹಿಡಿದಾಗಲೂ ಗೊತ್ತಿತ್ತು. ಊರವರ ಬಾಯಿಗೆ ಹೆದರಿದಳೋ, ಹುಣ್ಣಿಗೆ ಹೆದರಿ ಕೊಟ್ಟಿಗೆಯಲ್ಲಿ ಅಡಗಿದಳೋ, ಆ ದೇವರೇ ಬಲ್ಲ. ಅವಳ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ, ಅವಳು ಬದುಕಲಿ ಅಂತ ಅಷ್ಟು ಆಸೆಯೂ ಹಿಂದೆಂದೂ ಆಗಿರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವಳು ನನ್ನ ಕೈಗೆ ಒಂದು ಬಳ್ಳಿ ಕೊಟ್ಟು, "ಬಿಗೀಬ್ಯಾಡ, ಮೆತ್ತಗ," ಅಂದಳು.