ಎಂಟು ಕಿಲೋ ಮುನ್ನೂರು ಗ್ರಾಂ ಹರಕೆ

ವಿಶ್ವಾರಾಧ್ಯ ಮೇಷ್ಟ್ರು ಹಿತ್ತಲ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕುಯ್ಯುತ್ತಿದ್ದರು. ಹೆಂಡತಿ ಮಲ್ಲಿಕಾಂಬ ಬಟ್ಟೆ ಒಣಹಾಕಲು ಬಂದವರು ಹಾಗೇ ನಿಂತರು.

"ಏನ್ರೀ ಅದು?"

"ಏಳು ಗ್ರಾಂ ಉಳೀತು."

"ರಿಟೈರ್ ಆಗೋಕೆ ಇನ್ನೂ ಐದು ತಿಂಗಳು ಐತಲ್ರೀ. ಈಗ್ಲೇ ಶುರು ಹಚ್ಕಂಡ್ರಾ?"

ಮೇಷ್ಟ್ರು ತುಂಡು ಬ್ರಷ್ಷನ್ನು ಅಡುಗೆಮನೆಯ ಪುಟ್ಟ ತಕ್ಕಡಿಯ ಮೇಲಿಟ್ಟು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವರ ಮೈತೂಕ ಐವತ್ತೆಂಟು ಕಿಲೋ. ಬೆನ್ನಿನ ಚೀಲ ಮೈತೂಕದ ಏಳನೇ ಒಂದು ಭಾಗ ಮೀರಬಾರದು ಎಂದು ಅವರು ಎಲ್ಲೋ ಓದಿದ್ದರು. ಭಾಗಿಸಿದರೆ ಬರುವುದು ಎಂಟು ಕಿಲೋ ಮುನ್ನೂರು ಗ್ರಾಂ. ನೀರು, ಹುರಿಹಿಟ್ಟು, ಎರಡು ಜೊತೆ ಬಟ್ಟೆ, ಮುಲಾಮು, ಟಾರ್ಚು, ಕೊಡೆ ಎಲ್ಲ ಅದರೊಳಗೇ ಅಡಗಬೇಕಿತ್ತು.

ಅಜ್ಜಂಪುರದ ಪ್ರೌಢಶಾಲೆಯಲ್ಲಿ ಅವರು ಸಮಾಜ ವಿಜ್ಞಾನ ಹೇಳಲು ಶುರುಮಾಡಿ ಮೂವತ್ತೊಂದು ವರ್ಷ. ಪ್ರತಿ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ವಾರ, ಎಂಟನೇ ಕ್ಲಾಸಿಗೆ ಜಲಗೋಳದ ಪಾಠ. ಬೋರ್ಡಿನ ಮೇಲೆ ಒಂದು ದೊಡ್ಡ ಉಂಡೆ ಭೂಮಿ, ಒಂದು ಸಣ್ಣ ಉಂಡೆ ಚಂದ್ರ, ಭೂಮಿಯ ಸುತ್ತ ಮೊಟ್ಟೆಯಾಕಾರದಲ್ಲಿ ಸಮುದ್ರ. ಮೊಟ್ಟೆಯ ಎರಡು ತುದಿಗೆ ಉಬ್ಬರ, ಎರಡು ಪಕ್ಕಕ್ಕೆ ಇಳಿತ. ಮೂವತ್ತೊಂದು ಸಲ ಆ ಮೊಟ್ಟೆ ಬರೆದಿದ್ದ ಮೇಷ್ಟ್ರು ಸಮುದ್ರ ನೋಡಿದ್ದು ಎರಡೇ ಸಲ. ಒಮ್ಮೆ ಉಡುಪಿಯ ಹತ್ತಿರ ಬಸ್ಸಿನ ಕಿಟಕಿಯಿಂದ. ಇನ್ನೊಮ್ಮೆ ಶಾಲಾ ಪ್ರವಾಸದಲ್ಲಿ ಮುರುಡೇಶ್ವರದಲ್ಲಿ, ನಲವತ್ತೈದು ನಿಮಿಷ. ಆ ನಲವತ್ತೈದು ನಿಮಿಷವೂ ಅವರು ನೀರಿಗೆ ಬೆನ್ನು ಹಾಕಿ ಐವತ್ತೆರಡು ಮಕ್ಕಳ ತಲೆ ಎಣಿಸುತ್ತಿದ್ದರು. ನೀರು ಹಿಂದೆ ಸರಿಯುವುದನ್ನು ಕಣ್ಣಾರೆ ಕಂಡಿರಲಿಲ್ಲ. ಬರುವ ಜನವರಿಯದು ಅವರ ಕೊನೆಯ ಜಲಗೋಳ. ಅದಕ್ಕೆ ಮುಂಚೆ ಕಡಲ ಪಕ್ಕದಲ್ಲೇ ನಾಲ್ಕು ದಿನ ನಡೆದು ಒಮ್ಮೆ ನೋಡಿಬಿಡಬೇಕು. ಕಾಣದ್ದನ್ನು ಹೇಳಿಕೊಂಡೇ ಸಂಬಳ ತಿಂದೆ ಅಂತ ನಿವೃತ್ತಿಯಾಗಲು ಮನಸ್ಸು ಒಪ್ಪುತ್ತಿರಲಿಲ್ಲ.

ದಾರಿ ಆರಿಸಲು ನಾಲ್ಕು ತಿಂಗಳು ಹಿಡಿಯಿತು. ಕಾರವಾರದ ಕಡೆ ನೋಡಿದರು. ನಡುವೆ ನೌಕಾನೆಲೆ, ಒಳಗೆ ಬಿಡುವುದಿಲ್ಲ. ಮರವಂತೆ ಚೆಂದ, ಆದರೆ ಪಕ್ಕದಲ್ಲೇ ಹೆದ್ದಾರಿ. ಲಾರಿ ನೋಡಲು ಅಷ್ಟು ದೂರ ಯಾಕೆ, ತರೀಕೆರೆ ಬಸ್‌ಸ್ಟ್ಯಾಂಡ್ ಸಾಕು. ಕೊನೆಗೆ ಉಳಿದದ್ದು ಹೊನ್ನಾವರದಿಂದ ಉತ್ತರಕ್ಕೆ ಧಾರೇಶ್ವರ, ಕುಮಟಾ ದಾಟಿ, ಅಘನಾಶಿನಿ ನದಿಯನ್ನು ದೋಣಿಯಲ್ಲಿ ಹಾದು ಗೋಕರ್ಣ ಸೇರುವ ದಾರಿ. ಸುಮಾರು ನಲವತ್ತೈದು ಕಿಲೋಮೀಟರ್. ಕಡಲತೀರದಲ್ಲಿ ಕಂಡಲ್ಲಿ ಡೇರೆ ಹಾಕಲು ಬಿಡುವುದಿಲ್ಲವೆಂದು ವಿಚಾರಿಸಿ ತಿಳಿದು, ರಾತ್ರಿಗಳಿಗೆ ಹಳ್ಳಿಮನೆಗಳಲ್ಲಿ ಫೋನು ಮಾಡಿ ಜಾಗ ಗೊತ್ತುಮಾಡಿಕೊಂಡರು.

ದಾರಿಯಲ್ಲಿ ಅಲ್ಲಲ್ಲಿ ಗುಡ್ಡ ಕಡಲಿಗೆ ಚಾಚಿತ್ತು. ಅದರ ಬುಡದ ಬಂಡೆಗಳನ್ನು ಇಳಿತದಲ್ಲಿ ಮಾತ್ರ ದಾಟಬಹುದು. ಮೇಷ್ಟ್ರು ತರಿಸಿಕೊಂಡಿದ್ದ ಉಬ್ಬರ-ಇಳಿತದ ವೇಳಾಪಟ್ಟಿಯ ಪುಸ್ತಕದ ಪ್ರಕಾರ, ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಆ ತೀರಕ್ಕೆ ಉಬ್ಬರ ಬರುವುದು ಹೆಚ್ಚುಕಡಿಮೆ ನಡುಹಗಲಿಗೆ. ಅಷ್ಟಮಿಯ ಆಸುಪಾಸಿನಲ್ಲಾದರೆ ನಡುಹಗಲಿಗೆ ಇಳಿತ, ಉಬ್ಬರದ ಜೋರೂ ಕಡಿಮೆ. ಸಂಕ್ರಾಂತಿಗೆ ಮುಂಚೆ, ಜನವರಿಯ ಎರಡನೇ ಶನಿವಾರ ಸರಿಯಾಗಿ ಅಷ್ಟಮಿ ಬಿದ್ದಿತ್ತು. ಶನಿವಾರ, ಭಾನುವಾರ, ಮೇಲೆ ಎರಡು ದಿನ ರಜೆ. ಹೆಡ್‌ಮಾಸ್ಟರ್ ಸಹಿ ಹಾಕಿದ್ದರು. ಇಂಥ ಶನಿವಾರ ಅವರ ನೌಕರಿಯಲ್ಲಿ ಇನ್ನೊಂದಿರಲಿಲ್ಲ.

ಇನ್ನು ಅಭ್ಯಾಸ. ಕಡೂರಿನಿಂದ ತಂದ ಹೊಸ ಚೀಲಕ್ಕೆ ಎಂಟು ಕಿಲೋ ಮುನ್ನೂರು ಗ್ರಾಂ ರಾಗಿ ತುಂಬಿಕೊಂಡು, ಬೆಳಿಗ್ಗೆ ಆರಕ್ಕೆ ಬುಕ್ಕಾಂಬುಧಿ ರಸ್ತೆ ಹಿಡಿದರು. ನಮ್ಮ ಸೀಮೆಯಲ್ಲಿ ಮರ್ಯಾದಸ್ಥ ಒಬ್ಬ ನಡೆದು ಹೋಗುತ್ತಿದ್ದರೆ ಅದನ್ನು ಯಾರೂ ಸುಮ್ಮನೆ ನೋಡಿಕೊಂಡು ಹೋಗುವುದಿಲ್ಲ. ನಿಲ್ಲಿಸಿ ಹತ್ತಿಸಿಕೊಳ್ಳದಿದ್ದರೆ ನಿಲ್ಲಿಸದವನಿಗೆ ಅವಮಾನ, ಹತ್ತದಿದ್ದರೆ ನಿಲ್ಲಿಸಿದವನಿಗೆ ಅವಮಾನ. ಮೊದಲ ದಿನದ ಐದು ಕಿಲೋಮೀಟರಿಗೆ ಹನ್ನೊಂದು ಬೈಕು, ಎರಡು ಟ್ರ್ಯಾಕ್ಟರು ನಿಂತವು. ಎಲ್ಲರಿಗೂ "ಬೇಡಪ್ಪಾ, ಸುಮ್ನೆ ನಡೀತಿದ್ದೀನಿ" ಎಂದರು. ಸಂಜೆ ಹೊತ್ತಿಗೆ ಊರಿನಲ್ಲಿ ಮೂರು ಸುದ್ದಿ ಇದ್ದವು. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ. ಮೇಷ್ಟ್ರು ಬೈಕ್ ಮಾರಿದರು. ಮಲ್ಲಿಕಾಂಬ ಮೇಷ್ಟ್ರನ್ನು ಚೀಲ ಕೊಟ್ಟು ಹೊರಗೆ ಹಾಕಿದರು. ಮೂರನೆಯದನ್ನು ಮನೆಗೆ ತಂದು ಕೊಟ್ಟವರು ಸ್ವತಃ ಮಲ್ಲಿಕಾಂಬ.

ಮೂರನೇ ದಿನ ಹಾಲಿನ ವ್ಯಾನಿನ ಧರ್ಮೇಶ ನಿಲ್ಲಿಸಿದ. ಹಳೆಯ ಶಿಷ್ಯ.

"ಹತ್ತಿ ಸಾರ್."

"ಬೇಡ ಕಣೋ. ನಡೀಬೇಕು ಅಂತಲೇ ನಡೀತಿದ್ದೀನಿ."

"ಅದೆಂಗ್ ಸಾರ್? ಗಾಡಿ ಖಾಲಿ ಐತೆ, ನೀವು ನಡ್ಕಂಡು ಬತ್ತೀರಿ. ನೋಡ್ದೋರು ನನ್ನ ಬೈಯಲ್ವಾ? ಚೀಲನಾದ್ರೂ ಕೊಡಿ, ಮನೆತಾವ ಇಳಿಸ್ತೀನಿ."

"ಚೀಲ ಹೊತ್ತು ರೂಢಿಯಾಗ್ಲಿ ಅಂತಲೇ ಅಲ್ವೇನೋ ನಡೀತಿರೋದು!"

"ಏನೈತೆ ಅದ್ರಾಗೆ?"

"ರಾಗಿ."

"ಎಲ್ಲಿಗ್ ತಗಂಡು ಹೋಗ್ತಿದ್ದೀರಿ?"

"ಎಲ್ಲಿಗೂ ಇಲ್ಲ. ವಾಪಸ್ ಮನೆಗೇ."

ಧರ್ಮೇಶ ಅವರ ಮುಖವನ್ನೇ ನೋಡಿದ. ಆ ನೋಟದಲ್ಲಿದ್ದ ಕನಿಕರ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಇಸವಿಯನ್ನೂ ತಪ್ಪು ಹೇಳದ ಮನುಷ್ಯ ಆವತ್ತು ಹೇಳಿದರು: "ಹರಕೆ ಕಣೋ. ಗೋಕರ್ಣಕ್ಕೆ. ಸಮುದ್ರದ ದಡದಲ್ಲೇ ನಡ್ಕೊಂಡು ಹೋಗೋ ಹರಕೆ."

ಧರ್ಮೇಶ ಇಂಜಿನ್ ಆಫ್ ಮಾಡಿದ. ಇಳಿದ. ಚಪ್ಪಲಿ ಬಿಟ್ಟು ಕಾಲಿಗೆ ನಮಸ್ಕರಿಸಿ, "ಮೊದ್ಲೇ ಹೇಳ್ಬಾರ್ದಾ ಸಾರ್?" ಎಂದು ಹೊರಟುಹೋದ. ಮರುದಿನದಿಂದ ಒಂದು ಬೈಕೂ ನಿಲ್ಲಲಿಲ್ಲ. ಎಲ್ಲರೂ ವೇಗ ತಗ್ಗಿಸಿ, ಎದೆ ಮುಟ್ಟಿಕೊಂಡು ಮುಂದೆ ಹೋಗುತ್ತಿದ್ದರು. ಒಂದು ಸಣ್ಣ ಸುಳ್ಳಿಗೆ ಇಷ್ಟು ನೆಮ್ಮದಿಯಿದ್ದರೆ ಇಷ್ಟು ವರ್ಷ ದಂಡವಾಯಿತಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು. ಆ ನೆಮ್ಮದಿ ಎರಡು ದಿನ ಬಾಳಿತು.

ಮೂರನೇ ದಿನ ಬಾಗಿಲಿಗೆ ತೆಂಗಿನಕಾಯಿ ಬರಲು ಶುರುವಾಯಿತು. ಹರಕೆಯವರು ನಡೆದು ಹೊರಟರೆ ಅವರ ಕೈಯಲ್ಲಿ ದೇವರಿಗೆ ಒಂದು ಕಾಯಿ ಕಳಿಸುವುದು ಪದ್ಧತಿ. ಬೇಡವೆನ್ನುವುದು ಪದ್ಧತಿಯಲ್ಲ. ಗುರುವಾರ ಸಂಜೆಯ ಹೊತ್ತಿಗೆ ಜಗುಲಿಯ ಮೇಲೆ ಮೂವತ್ತೊಂದು ಮನೆಯ ಮೂವತ್ತೊಂದು ಕಾಯಿ ಕೂತಿದ್ದವು. ಸರಾಸರಿ ಆರುನೂರು ಗ್ರಾಂ. ಒಟ್ಟು ಹದಿನೆಂಟು ಕಿಲೋ ಆರುನೂರು. ಹಿತ್ತಲ ಕೇರಿಯ ಮುದುಕಿ ದ್ಯಾಮಮ್ಮ ಮಾತ್ರ ಕಾಯಿ ತರಲಿಲ್ಲ. ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿದ ಸಣ್ಣ ಮುಡಿಪು ತಂದಳು. ಎಮ್ಮೆ ಕಳೆದು ಸಿಕ್ಕಾಗ ಮಹಾಬಲೇಶ್ವರನಿಗೆಂದು ಕಟ್ಟಿದ್ದು.

"ಎಮ್ಮೆ ಸತ್ತೇ ಹನ್ನೊಂದು ವರ್ಸ ಆತು ಕಣಪ್ಪಾ. ಆ ಕಡೆ ಹೋಗೋರೇ ಸಿಗ್ಲಿಲ್ಲ," ಎಂದಳು. ಮೇಷ್ಟ್ರು ತೂಗಿ ನೋಡಿದರು. ನಲವತ್ತು ಗ್ರಾಂ.

ಕೊನೆಗೆ ಬಂದವರು ಬಸವರಾಜಪ್ಪನವರು. ದೇವಸ್ಥಾನದ ಸಮಿತಿಯ ಅಧ್ಯಕ್ಷರು, ಹಾಲಿನ ಡೈರಿಗೂ ಬುಲೆಟ್ಟಿನಲ್ಲೇ ಹೋಗುವವರು; ಡೈರಿ ಅವರ ಮನೆಯಿಂದ ನಾಲ್ಕನೇ ಬಾಗಿಲು. ಅವರ ಹಿಂದೆ ಒಬ್ಬ ಆಳು ಹಿತ್ತಾಳೆಯ ಘಂಟೆ ಹೊತ್ತು ತಂದ. ಹಿಂದೊಮ್ಮೆ ಬೋರಿನಲ್ಲಿ ನೀರು ಬಿದ್ದಾಗ ದೇವರಿಗೆ ಮಾತು ಕೊಟ್ಟಿದ್ದರಂತೆ.

"ಎಷ್ಟು ತೂಕ ಐತೆ?" ಮೇಷ್ಟ್ರು ಕೇಳಿದರು.

"ದೇವ್ರ ಘಂಟೇನ ತೂಕ ಕೇಳ್ತಾರೇನ್ರೀ ಮೇಷ್ಟ್ರೇ? ಮೂರು ಮುಕ್ಕಾಲು ಕಿಲೋ."

ಮೇಷ್ಟ್ರು ಮನಸ್ಸಿನಲ್ಲೇ ಕೂಡಿದರು. ಚೀಲ ಸೇರಿ ಮೂವತ್ತು ಕಿಲೋ ಏಳುನೂರರ ಹತ್ತಿರ. ಮೈತೂಕದ ಅರ್ಧಕ್ಕಿಂತ ಜಾಸ್ತಿ.

ಬಸವರಾಜಪ್ಪ ಕುರ್ಚಿಯಲ್ಲಿ ಕೂತು, ಮೇಷ್ಟ್ರ ಹೊಸ ಬೂಟನ್ನು ಕಾಲಿನಿಂದ ಸರಿಸಿದರು. "ಇದ್ಯಾಕೆ? ಹರಕೆ ಅಂದ್ಮೇಲೆ ಬರಿಗಾಲು. ಇರ್ಲಿ, ಯಾವತ್ತು ಹೊರಡೋದು?"

"ನಾಳೆ ಸಂಜೆ ಬಸ್ಸು. ಶನಿವಾರ ಬೆಳಿಗ್ಗೆ ನಡಿಗೆ ಶುರು."

ಬಸವರಾಜಪ್ಪ ಜೇಬಿನಿಂದ ಪಂಚಾಂಗ ತೆಗೆದರು. ಜಗುಲಿಯ ಕೆಳಗೆ ಕಾಯಿ ಕೊಟ್ಟವರೆಲ್ಲ ನೆರೆದಿದ್ದರು.

"ಶನಿವಾರ ಅಷ್ಟಮಿ!"

"ಹೌದು. ಅದಕ್ಕೇ ಆವತ್ತು."

"ಅಷ್ಟಮಿಗೆ ಹೊರಡೋದಾ? ನಮ್ಮನೆ ಹೋರೀನೂ ಅಷ್ಟಮಿ ದಿನ ಗೂಟ ಬಿಟ್ಟು ಏಳಲ್ಲ. ಆಗಲ್ಲ ಕಣ್ರೀ. ಅಮಾಸೆಗೆ ಗೋಕರ್ಣ ಮುಟ್ಟೋ ಹಂಗೆ ಹೊರಡಿ, ಪುಣ್ಯ ಬತ್ತದೆ. ಇಲ್ಲ ಅಂದ್ರೆ ಶಿವರಾತ್ರಿಗೆ."

"ಅಮಾವಾಸ್ಯೆಗೆ ಹೋದ್ರೆ ನಡುಹಗಲಿಗೆ ಉಬ್ಬರ ಇರುತ್ತೆ. ಬಂಡೆ ದಾಟೋಕಾಗಲ್ಲ. ಚಂದ್ರ..."

"ನಾನೂ ಚಂದ್ರನ್ನೇ ಹೇಳ್ತಿರೋದು!"

ಅದು ನಿಜವೇ. ಇಬ್ಬರ ಹತ್ತಿರವೂ ಒಂದೊಂದು ಪುಸ್ತಕ, ಎರಡರಲ್ಲೂ ಅದೇ ಚಂದ್ರನ ಲೆಕ್ಕ. ಒಂದರ ಪ್ರಕಾರ ಶನಿವಾರದಷ್ಟು ಒಳ್ಳೆಯ ದಿನವಿಲ್ಲ, ಇನ್ನೊಂದರ ಪ್ರಕಾರ ಅದರಷ್ಟು ಕೆಟ್ಟದ್ದಿಲ್ಲ.

"ಮೂವತ್ತೊಂದು ಮನೆ ಕಾಯಿ ಐತೆ ಮೇಷ್ಟ್ರೇ. ನಿಮ್ಮೊಬ್ರ ದಿನ ಅಲ್ಲ ಇದು. ನಾಳಿದ್ದು ಹೊರಡಂಗಿಲ್ಲ, ತೀರ್ಮಾನ ಆಯ್ತು," ಎಂದು ಬಸವರಾಜಪ್ಪ ಪಂಚಾಂಗ ಮುಚ್ಚಿದರು. ಕೆಳಗಿದ್ದವರು ತಲೆ ಆಡಿಸಿದರು.

ಮೇಷ್ಟ್ರು ಬೂಟನ್ನು ನೋಡಿದರು, ಘಂಟೆಯನ್ನು ನೋಡಿದರು. ಅಮಾವಾಸ್ಯೆಯ ಹೊತ್ತಿಗೆ ಪಾಠ ಶುರುವಾಗಿರುತ್ತದೆ. ಮೂವತ್ತೆರಡನೇ ಸಲ ಕಾಣದ ಮೊಟ್ಟೆಯನ್ನೇ ಬರೆಯಬೇಕು. ಎದ್ದು ನಿಂತರು. ಕ್ಲಾಸಿನಲ್ಲಿ ಮಾತಾಡುವ ದನಿಯೇ ಬಂತು.

"ನನಗೆ ಹರಕೆ ಇಲ್ಲ. ಧರ್ಮೇಶನಿಗೆ ಸುಳ್ಳು ಹೇಳಿದೆ. ಸಮುದ್ರ ಇಳಿಯೋದನ್ನ ನಾನು ನೋಡಿಲ್ಲ. ಅದನ್ನ ನೋಡೋಕೆ ಹೋಗ್ತಿದ್ದೀನಿ. ಅಷ್ಟೇ."

"ನೀರು ನೋಡೋಕಾ?" ಬಸವರಾಜಪ್ಪನವರು ಕುರ್ಚಿಯಿಂದ ಎದ್ದರು. "ನೀರೇ ನೋಡ್ಬೇಕಾದ್ರೆ ಬುಕ್ಕಾಂಬುಧಿ ಕೆರೆ ಇರ್ಲಿಲ್ಲೇನ್ರೀ? ದೇವ್ರ ಹೆಸರಲ್ಲಿ ಸುಳ್ಳು! ಮಕ್ಕಳಿಗೆ ಪಾಠ ಹೇಳೋರು! ಎತ್ತೋ ಘಂಟೇನ."

ಘಂಟೆ ಎದ್ದದ್ದೇ ತಡ, ಎಲ್ಲರೂ ಜಗುಲಿ ಹತ್ತಿದರು. ಮೇಷ್ಟ್ರು ಪ್ರತಿ ಕಾಯಿಯ ತೂಕ ಬರೆದುಕೊಂಡಿದ್ದರು. ಯಾರದು ಎಂದು ಬರೆದಿರಲಿಲ್ಲ. ಕೊಡುವಾಗ ಎಲ್ಲರೂ ಮನೆಯಲ್ಲಿದ್ದ ಸಣ್ಣ ಕಾಯಿಯನ್ನೇ ಆರಿಸಿ ತಂದಿದ್ದರು. ತಗೊಳ್ಳುವಾಗ ಎಲ್ಲರಿಗೂ ತಮ್ಮದು ದೊಡ್ಡದಾಗಿತ್ತೆಂದು ನೆನಪಾಯಿತು. "ಇದು ನಂದು ಕಣೇ, ಜುಟ್ಟು ನೋಡು." "ನಿಮ್ಮನೆ ಮರದಾಗೆ ಇಂಥ ಕಾಯಿ ಯಾವತ್ ಬಿಟ್ಟಿತ್ತು ಹೇಳು!" ಅರ್ಧ ಗಂಟೆ ಕಳೆದ ಮೇಲೆ ಜಗುಲಿ ಖಾಲಿಯಾಯಿತು. ಕಡೆಯಲ್ಲಿ ಬಂದವರ ಪಾಲಿಗೆ ಬಂದದ್ದು ಮುನ್ನೂರ ಎಂಬತ್ತು ಗ್ರಾಮಿನದು.

ದ್ಯಾಮಮ್ಮ ಮೆಟ್ಟಿಲ ಮೇಲೆ ಕೂತೇ ಇದ್ದಳು. ಮೇಷ್ಟ್ರು ಮುಡಿಪನ್ನು ಅವಳ ಮುಂದೆ ಹಿಡಿದರು. "ತಗೋ ಅವ್ವಾ. ನಂದು ಹರಕೆ ಅಲ್ಲ."

"ನಿಂದು ಅಲ್ದಿದ್ರೆ ಏನಾತು, ನಂದು ಹರಕೇನೇ ಅಲ್ವಾ? ಗೋಕರ್ಣಕ್ಕೆ ಹೋಗ್ತೀಯೋ ಇಲ್ವೋ?"

"ಹೋಗ್ತೀನಿ."

"ಮತ್ತೆ? ಹುಂಡೀಲಿ ಹಾಕು. ನಾನೇನು ನಡ್ಕಂಡೇ ಹೋಗು ಅಂದ್ನಾ? ಬರಿಗಾಲಾಗ್ ಹೋಗು ಅಂದ್ನಾ? ಎಮ್ಮೆ ನಂದು, ದೇವ್ರು ನಂದು. ನೀನು ಟಪಾಲಿನೋನು." ಮಂಡಿ ಹಿಡಿದುಕೊಂಡು ಎದ್ದು ಹೋದಳು.

ಶುಕ್ರವಾರ ಸಂಜೆ ಹೊರಡುವಾಗ ಮಲ್ಲಿಕಾಂಬ ಒಂದು ಚೀಟಿ ತಂದು ಮೇಷ್ಟ್ರ ಜೇಬಿಗೆ ಹಾಕಿದರು.

"ಪ್ರಸಾದದ್ದು. ಮೂವತ್ತೊಂದು ಮನೆ. ಬಸವರಾಜಪ್ಪಂಗೆ ಎರಡು ಪೊಟ್ಟಣ ಬೇಕಂತೆ."

"ಕಾಯಿ ವಾಪಸ್ ತಗೊಂಡ್ರಲ್ಲೇ!"

"ತಗಂಡಿದ್ದು ನಿಮ್ಮ ಕೈಯಿಂದ ಕಣ್ರೀ, ದೇವ್ರ ಕೈಯಿಂದ ಅಲ್ಲ ಅಂತೆ."

ಶನಿವಾರ ಹನ್ನೊಂದರ ಸುಮಾರಿಗೆ, ಹೊನ್ನಾವರ ದಾಟಿ ಸಿಕ್ಕ ಮೊದಲ ಬಂಡೆಗಳ ಬುಡದಲ್ಲಿ, ಮೇಷ್ಟ್ರು ಚೀಲ ಇಳಿಸಿ ಕೂತರು. ನೀರು ಸರಿದು, ಪಾಚಿ ಹಿಡಿದ ಕಲ್ಲುಗಳು ಒಂದೊಂದಾಗಿ ಮೇಲೆ ಬಂದಿದ್ದವು. ಸಂದುಗಳಲ್ಲಿ ಏಡಿಗಳು ಓಡಾಡುತ್ತಿದ್ದವು. ಪುಸ್ತಕದ ಪ್ರಕಾರ ಇನ್ನು ಕೆಲವು ನಿಮಿಷಕ್ಕೆ ಇಳಿತ ಮುಗಿದು ಉಬ್ಬರ ತಿರುಗಬೇಕು. ಆ ತಿರುವನ್ನು ಹಿಡಿಯಬೇಕೆಂದು ಅವರು ಒಂದು ಕಲ್ಲನ್ನು ಗುರುತಿಟ್ಟುಕೊಂಡು, ವಾಚು ಬಿಚ್ಚಿ ಕೈಯಲ್ಲಿ ಹಿಡಿದು, ಕಣ್ಣು ಕೀಳದೆ ನೋಡಿದರು. ಅಲೆ ಬಂತು, ಹೋಯಿತು. ಕಲ್ಲು ಅರ್ಧ ಮುಳುಗಿತು, ಮತ್ತೆ ಎದ್ದಿತು. ಒಂದು ಗಂಟೆ ಕಳೆಯಿತು. ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಇಲ್ಲಿಂದ ಇಳಿತ, ಇಲ್ಲಿಂದ ಉಬ್ಬರ ಎನ್ನುತ್ತಿದ್ದರು. ಇಲ್ಲಿ ಅಂಥ ಗೆರೆ ಯಾವುದೂ ಸಿಗಲಿಲ್ಲ. ವಾಚು ನೋಡಿ ತಲೆ ಎತ್ತುವಷ್ಟರಲ್ಲಿ ಕಲ್ಲು ಕಾಣುತ್ತಿರಲಿಲ್ಲ.

ಮೇಷ್ಟ್ರು ನೋಟ್‌ಬುಕ್ ತೆರೆದು, ತಿರುಗಿದ ಸಮಯ ಬರೆಯಲು ಬಿಟ್ಟಿದ್ದ ಜಾಗದಲ್ಲಿ "ಗೊತ್ತಾಗಲಿಲ್ಲ" ಎಂದು ಬರೆದರು. ಮಕ್ಕಳಿಗೂ ಅದನ್ನೇ ಹೇಳಬೇಕು ಅಂದುಕೊಂಡು, ನೀರು ಬುಡಕ್ಕೆ ಬರುವ ಮೊದಲು ಬಂಡೆ ದಾಟಲು ಎದ್ದರು.